ಮೊದಲ ಕೊಡದ ನೀರು

ಬನಹಟ್ಟಿಯ ಓಣಿಯಲ್ಲಿ ನೀರು ಬಿಟ್ಟಾಗ ನಳದಿಂದ ಮೊದಲು ಬರುವುದು ಗಾಳಿ. ನಾಲ್ಕು ಸಲ ಕೆಮ್ಮಿ, ಒಂದಿಷ್ಟು ಕೆಂಪು ನೀರು ಕಾರಿ, ಆಮೇಲೆ ತಿಳಿಯಾಗುತ್ತದೆ. ಆ ಕೆಂಪು ಕಂಡು ಮುಖ ಸಿಂಡರಿಸುತ್ತೇವೆ. ಅದು ತುಕ್ಕು, ಬಡಪಾಯಿ ಕಬ್ಬಿಣ. ಹೆದರಬೇಕಾದದ್ದು ಸೀಸಕ್ಕೆ. ನೀರಿನಲ್ಲಿ ಕರಗಿದ ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೈಯೊಳಗೆ ಅದು ಕ್ಯಾಲ್ಸಿಯಂನ ವೇಷ ಹಾಕಿ ಎಲುಬಿನಲ್ಲಿ ಠಿಕಾಣಿ ಹೂಡುತ್ತದೆ. ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ.

ಸೀಸದ ಪೈಪು ಬ್ರಿಟನ್ನಿನ ಹಳೆಯ ಮನೆಗಳ ಗೋಳು. 'ಪ್ಲಂಬರ್' ಎಂಬ ಮಾತೇ ಸೀಸದ ಲ್ಯಾಟಿನ್ ಹೆಸರಾದ 'ಪ್ಲಂಬಮ್'ನಿಂದ ಹುಟ್ಟಿದ್ದು. ನಮ್ಮ ಕಡೆ ಮನೆಗೆ ಬಂದದ್ದು ಹೆಚ್ಚಾಗಿ ಜಿಐ ಪೈಪು, ನಂತರ ಪಿವಿಸಿ. ಹಾಗಂತ ಪಾರಾದೆವು ಎನ್ನುವಂತಿಲ್ಲ. ಹಳೆಯ ಸ್ಟಾಪ್‌ಕಾಕ್ ಬಿಚ್ಚುವವನ ಪಕ್ಕ ಕೂತು ನೋಡಿ. ವರ್ಷಗಟ್ಟಲೆ ತಿರುಗಿಸದ ಚಾವಿ ಕಲ್ಲಾಗಿರುತ್ತದೆ. ಪಾನಾ ಹಾಕುತ್ತಾನೆ, ಸುತ್ತಿಗೆಯಿಂದ ಎರಡು ಬಡಿಯುತ್ತಾನೆ. ಕಿರ್ರೆಂದು ಬಿಚ್ಚಿಕೊಂಡಾಗ ಪೈಪಿನ ಮರೆಯಿಂದ ಸೆಣಬಿನ ಎಳೆ, ಒಣಗಿದ ಬಿಳಿ ಪುಡಿ ಉದುರುತ್ತವೆ. ಅದು ಸಫೇದಾ. ಈಗ ಟೆಫ್ಲಾನ್ ಟೇಪು ಸುತ್ತುವ ಜಾಗಕ್ಕೆ ಹಿಂದೆ ಸಫೇದಾ ಬಳಿದು ನೂಲು ಸುತ್ತುತ್ತಿದ್ದರು. ಹಳೆಯ ಸಫೇದಾ ಎಂದರೆ ಸೀಸದ ಬಿಳಿ ಸಂಯುಕ್ತ.

ಹಿತ್ತಾಳೆಯ ತೋಟಿಯೂ ಸಾಚಾ ಅಲ್ಲ. ಲೇತ್‌ನಲ್ಲಿ ಸಲೀಸಾಗಿ ಕೊರೆಯಲೆಂದು ಹಿತ್ತಾಳೆಗೆ ಶೇಕಡಾ 2-3ರಷ್ಟು ಸೀಸ ಬೆರೆಸುವುದು ಹಳೆಯ ರೂಢಿ. ಪಿವಿಸಿ ಪೈಪಿನಲ್ಲೂ ಸೀಸದ ಸ್ಥಿರಕಾರಿ ಇರುತ್ತಿತ್ತು. ಅದಕ್ಕೆ ಕಡಿವಾಣ ಹಾಕುವ ಕೇಂದ್ರದ ನಿಯಮ ಬಂದದ್ದು 2021ರಲ್ಲಿ.

ಎಷ್ಟು ಸೀಸ ಹೆಚ್ಚು? ಭಾರತೀಯ ಮಾನಕದ ಪ್ರಕಾರ ಲೀಟರಿಗೆ 0.01 ಮಿಲಿಗ್ರಾಂ ಮೇರೆ. ಲೆಕ್ಕ ಹಾಕಿ: 1 ಗ್ರಾಂ ಸೀಸ 1 ಲಕ್ಷ ಲೀಟರ್ ನೀರನ್ನು, ಅಂದರೆ 5 ಸಾವಿರ ಲೀಟರಿನ 20 ಟ್ಯಾಂಕರುಗಳನ್ನು, ಆ ಗೆರೆಗೆ ತಂದು ನಿಲ್ಲಿಸುತ್ತದೆ.

ಇಷ್ಟಾದರೂ ನಮ್ಮನ್ನು ಕಾಯುವ ಒಂದು ವಸ್ತುವಿದೆ. ಅದನ್ನು ನಾವು ದಿನಾ ಬೈಯುತ್ತೇವೆ. ಹಂಡೆಯ ತಳಕ್ಕೆ ಹತ್ತುವ ಬಿಳಿ ಹೊಪ್ಪಳಿಕೆ. ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತ ನೆಲದಡಿ ಇರುವುದೇ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಅಂಥ ನೆಲದ ಬೋರಿನ ನೀರು ಗಡಸು. ಗಡಸು ನೀರಿನ ಕಾರ್ಬೊನೇಟು ಪೈಪಿನ ಒಳಮೈಗೆ ಪದರವಾಗಿ ಕೂತು, ಲೋಹ ನೀರಿಗೆ ಮುಟ್ಟದಂತೆ ಅಡ್ಡ ನಿಲ್ಲುತ್ತದೆ. ಅಮೆರಿಕದ ಫ್ಲಿಂಟ್ ನಗರ 2014ರಲ್ಲಿ ನೀರಿನ ಮೂಲ ಬದಲಿಸಿ, ಸವೆತ ತಡೆಯುವ ರಾಸಾಯನಿಕ ಬೆರೆಸದೆ ಬಿಟ್ಟಾಗ ಇಂಥದೇ ರಕ್ಷಾಪದರ ಕಳಚಿ ಸೀಸ ಮನೆಮನೆಯ ನೀರಿಗೆ ಇಳಿಯಿತು.

ಸ್ಟಾಪ್‌ಕಾಕ್ ಬದಲಿಸುವಾಗ ಸುತ್ತಿಗೆ ಮಾಡುವುದೂ ಅದನ್ನೇ, ಸಣ್ಣ ಪ್ರಮಾಣದಲ್ಲಿ. ಪದರ ಒಡೆದು ಚೂರು ನೀರಿಗೆ ಬೀಳುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ತೋಟಿಯ ಬಾಯಿಯ ಜಾಳಿಗೆ ತೆಗೆದು, ನೀರು ಪೂರ್ತಿ ಬಿಟ್ಟು ತೊಳೆಯಬೇಕು. ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಇನ್ನೊಂದು ತೊಡಕಿದೆ: ನಡುವಿನ ದಿನಗಳಲ್ಲಿ ಪೈಪಿನೊಳಗೆ ನಿಂತ ನೀರೇ ಹೆಚ್ಚು ಲೋಹ ಹೀರುತ್ತದೆ. ಮೊದಲ ಕೊಡ ಅಂಗಳಕ್ಕೆ ಹೋಗಲಿ, ಬಟ್ಟೆಗೆ ಹೋಗಲಿ, ಕುಡಿಯಲು ಬೇಡ. ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾಗಿ ಸೀಸ ಇನ್ನಷ್ಟು ದಟ್ಟವಾಗುತ್ತದೆ.

ಶುದ್ಧ ನೀರಿನ ಘಟಕದಿಂದ ತಂದ ಆರ್‌ಓ ನೀರಾದರೆ ಸೀಸವನ್ನೂ ತೆಗೆದಿರುತ್ತದೆ, ಸುಣ್ಣವನ್ನೂ. ಉಪ್ಪಿಲ್ಲದ ಆ ಮೆದು ನೀರು ಲೋಹಕ್ಕೆ ಹಸಿದಿರುತ್ತದೆ. ಅದನ್ನು ಹಿತ್ತಾಳೆ ತೋಟಿಯ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟರೆ, ಬೆಳಿಗ್ಗೆಯ ಮೊದಲ ಲೋಟ ತೋಟಿಯ ಸೀಸವನ್ನು ಕರಗಿಸಿಕೊಂಡೇ ಬಂದಿರುತ್ತದೆ. ಆ ಪಾತ್ರೆಗೆ ಸ್ಟೀಲ್ ತೋಟಿ ಹಾಕಿಸಿ.