ಮರಳುನಾಡಿನ ಹಿತ್ತಲಲ್ಲಿ ಕೋಳಿಯ ಮೊಟ್ಟೆಗಾಲ

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಮಂಗಳೂರು, ಉಡುಪಿ, ಕಾಸರಗೋಡು ಕಡೆಯವರು. ಹಿತ್ತಲಲ್ಲಿ ಊರಕೋಳಿಗಳನ್ನು ಕಂಡು ಬೆಳೆದವರು. ಅಂಗಳವುಳ್ಳ ವಿಲ್ಲಾಗಳಲ್ಲೋ ಅಲ್ ಐನ್ ಸುತ್ತಲಿನ ತೋಟಗಳಲ್ಲೋ ನಾಲ್ಕಾರು ಕೋಳಿ ಸಾಕುವವರಿಗೆ ವರ್ಷದ ಕೆಲವು ತಿಂಗಳು ಮೊಟ್ಟೆಯ ಬುಟ್ಟಿ ಬರಿದಾಗುವುದು ಒಗಟಾಗಿ ತೋರುತ್ತದೆ. ಕೋಳಿಗೆ ವಯಸ್ಸಾಯಿತೆಂದು ಬಗೆದು ಅದನ್ನು ಅಡುಗೆಮನೆಗೆ ಒಪ್ಪಿಸುವ ಮುನ್ನ ಕಾರಣವನ್ನು ತಿಳಿಯುವುದು ಒಳಿತು.

ಮೊಟ್ಟೆಗಾಲವನ್ನು ನಿರ್ಧರಿಸುವುದು ಮುಖ್ಯವಾಗಿ ಹಗಲಿನ ಉದ್ದ. ಬೆಳಕು ಕೋಳಿಯ ತಲೆಬುರುಡೆಯನ್ನು ಹಾದು ಮಿದುಳಿನ ಹೈಪೊಥಲಾಮಸ್ ಭಾಗವನ್ನು ತಲಪುತ್ತದೆ. ಅಲ್ಲಿಂದ ಬಂದ ಸೂಚನೆಯಂತೆ ಪಿಟ್ಯುಟರಿ ಗ್ರಂಥಿಯು ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನುಗಳನ್ನು ಸ್ರವಿಸುತ್ತದೆ. ದಿನಕ್ಕೆ 14ರಿಂದ 16 ಗಂಟೆ ಬೆಳಕು ಇದಕ್ಕೆ ಅತ್ಯಂತ ಅನುಕೂಲ.

ಮಂಗಳೂರಿನಲ್ಲಿ ಜೂನ್ ಮತ್ತು ಡಿಸೆಂಬರ್ ಹಗಲುಗಳ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಹೀಗಾಗಿ ಊರಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಋತುವಿಗಿಂತ ಹೆಚ್ಚಾಗಿ ಕಾವಿನ ಸುತ್ತು: ಹತ್ತು ಹದಿನೈದು ಮೊಟ್ಟೆ, ಬಳಿಕ 21 ದಿನಗಳ ಕಾವು, ಮರಿಗಳ ಪಾಲನೆ, ಮತ್ತೆ ಮೊಟ್ಟೆ. ದುಬೈಯಲ್ಲಾದರೋ ಜೂನ್ ಹಗಲು ಸುಮಾರು 13 ಗಂಟೆ 40 ನಿಮಿಷ, ಡಿಸೆಂಬರ್ ಹಗಲು 10 ಗಂಟೆ 35 ನಿಮಿಷ. ಅಂತರ ಮೂರು ಗಂಟೆ. ಶರತ್ಕಾಲದಲ್ಲಿ ಹಗಲು ಕುಗ್ಗಿದಂತೆ ಕೋಳಿಗಳು ಹಳೆಯ ಗರಿ ಉದುರಿಸಿ, ದೇಹದ ಪ್ರೋಟೀನನ್ನು ಹೊಸ ಗರಿಗೆ ವ್ಯಯಿಸುತ್ತವೆ, ಮೊಟ್ಟೆ ನಿಲ್ಲುತ್ತದೆ. ಇದು ರೋಗವಲ್ಲ, ವಿಶ್ರಾಂತಿ.

ಬೆಳಕೊಂದೇ ಮಾನದಂಡವಾಗಿದ್ದರೆ ಇಲ್ಲಿ ಜೂನ್ ತಿಂಗಳೇ ಸುಗ್ಗಿಯಾಗಬೇಕಿತ್ತು. ಆದರೆ ಅದನ್ನು ಸೆಕೆ ತಡೆಯುತ್ತದೆ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಅದು ಏದುಸಿರು ಬಿಟ್ಟು ಮೈ ತಣಿಸಿಕೊಳ್ಳುತ್ತದೆ. ಏದುಸಿರಿನೊಡನೆ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗಿ ರಕ್ತದ ಕ್ಷಾರತೆ ಏರುತ್ತದೆ. ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಕಾರ್ಬೊನೇಟ್ ಸಾಲದೆ ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ಮೇವು ತಿನ್ನುವುದೂ ತಗ್ಗುತ್ತದೆ. ಆದುದರಿಂದ ಹಗಲು ಬೆಳೆಯುತ್ತಿದ್ದು ಬಿಸಿಲು ಇನ್ನೂ ಹದವಾಗಿರುವ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯೇ ಇಲ್ಲಿ ನಿಜವಾದ ಮೊಟ್ಟೆಗಾಲ.

ಕೋಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿಯೂ ಅಷ್ಟೇ ಕಾದಾಗ ಆವಿಯಾಗುವ ನೀರಲ್ಲದೆ ಅದಕ್ಕೆ ಬೇರೆ ರಕ್ಷಣೆಯಿಲ್ಲ. ಅಲ್ ಐನ್‌ನ ಒಣಹವೆಯಲ್ಲಿ ನೀರಿನ ತುಂತುರು ಫಲಕಾರಿ. ದುಬೈ, ಅಬುಧಾಬಿ ಕರಾವಳಿಯ ಆಗಸ್ಟ್ ತಿಂಗಳ ತೇವಭರಿತ ಗಾಳಿಯಲ್ಲಿ ಅದೇ ತುಂತುರು ಅಷ್ಟಾಗಿ ನೆರವಾಗದು. ಅಲ್ಲಿ ದಟ್ಟ ನೆರಳು, ಬೀಸುವ ಫ್ಯಾನು, ಆಗಾಗ ಬದಲಿಸಿದ ತಣ್ಣೀರು ಅಗತ್ಯ. ಮೇವನ್ನು ಮುಂಜಾನೆ ಮತ್ತು ಸಂಜೆ ಕೊಡಬೇಕು. ಕಪ್ಪೆಚಿಪ್ಪಿನ ಚೂರನ್ನು ಬೇರೆ ತಟ್ಟೆಯಲ್ಲಿಡಬೇಕು.

ಚಳಿಗಾಲದಲ್ಲಿಯೂ ಮೊಟ್ಟೆ ಬೇಕೆನ್ನುವವರು ಗರಿ ಮರಳಿ ಬಂದ ಮೇಲೆ ಸೂರ್ಯೋದಯಕ್ಕೆ ಮುನ್ನ ದೀಪ ಬೆಳಗಿಸಿ, ದಿನಗಳೆದಂತೆ ಒಟ್ಟು ಬೆಳಕನ್ನು 14 ಗಂಟೆಗೆ ಏರಿಸಬಹುದು. ಬೆಳೆಯುತ್ತಿರುವ ಹೇಂಟೆಮರಿಗಳಿಗೆ ಇದು ಸಲ್ಲದು. ದೇಹ ಬಲಿಯುವ ಮುನ್ನವೇ ಅವು ಮೊಟ್ಟೆಯಿಡತೊಡಗುತ್ತವೆ. ಕೋಳಿ ಸಾಕುವ ಮೊದಲು ಸ್ಥಳೀಯ ಪೌರಾಡಳಿತದ ನಿಯಮವನ್ನು ವಿಚಾರಿಸಿಕೊಳ್ಳಬೇಕು. ಮಿಕ್ಕಂತೆ ಬೇಕಾದುದು ತಾಳ್ಮೆ: ನವೆಂಬರಿನಲ್ಲಿ ಬರಿಗೈ ತೋರಿದ ಹೇಂಟೆಯೇ ಫೆಬ್ರವರಿಯಲ್ಲಿ ಬುಟ್ಟಿ ತುಂಬಬಲ್ಲದು.