ಅಡಿಕೆ ಬೆಳೆಗಾರರ ಕೂಟವೂ ಸಂಕ್ರಮಣಕಾಲದ ಸೃಜನಶಕ್ತಿಯೂ

ಸಮಾಜವು ಒಂದು ವ್ಯವಸ್ಥೆಯಿಂದ ಮತ್ತೊಂದಕ್ಕೆ ಸರಿಯುವ ಕಾಲದಲ್ಲಿ ಸಂಸ್ಥೆಗಳಿಗೆ ಒದಗುವ ಪರೀಕ್ಷೆ ಎರಡು ಬಗೆಯದು. ಹಳೆಯ ಆಶ್ರಯಗಳು ಕುಸಿದಾಗ ಚದುರಿಹೋಗುವ ಜನರನ್ನು ಕೂಡಿಸಿ ನಿಲ್ಲಿಸುವುದು ಮೊದಲನೆಯದು. ಹಾಗೆ ಕೂಡಿದವರ ಅಗತ್ಯವೇ ಬದಲಾದಾಗ, ತಾನು ಹುಟ್ಟಿದ ಉದ್ದೇಶದ ಎಲ್ಲೆಯನ್ನು ದಾಟಿ ಹೊಸ ಕಾರ್ಯಕ್ಕೆ ಕೈಹಾಕುವುದು ಎರಡನೆಯದು. ಮೊದಲನೆಯದನ್ನು ಸಹಕಾರವೆಂದೂ ಎರಡನೆಯದನ್ನು ಸೃಜನಶೀಲತೆಯೆಂದೂ ಕರೆದು, ಇವೆರಡನ್ನೂ ಬೇರೆಬೇರೆಯಾಗಿ ವಿವೇಚಿಸುವ ರೂಢಿ ನಮ್ಮಲ್ಲುಂಟು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಕ್ಯಾಂಪ್ಕೊ ಸಂಸ್ಥೆಯ ಚರಿತ್ರೆಯನ್ನು ಸಮಾಧಾನದಿಂದ ಪರಿಶೀಲಿಸಿದರೆ, ಈ ವಿಭಾಗವು ನಿಲ್ಲತಕ್ಕದ್ದಲ್ಲವೆಂಬುದು ಮನವರಿಕೆಯಾಗುತ್ತದೆ.

ಯಾವ ಸಂಸ್ಥೆಯೂ ಬರಿನೆಲದಲ್ಲಿ ಹುಟ್ಟುವುದಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲೇ, ಅಂದರೆ 1909ರಲ್ಲಿ, ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಸಂಘವೊಂದನ್ನು ಸ್ಥಾಪಿಸಿದರು. 1914ರಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು ಅದೇ ಊರಿನಲ್ಲಿ ಅವರ ಪ್ರಯತ್ನದಿಂದ ತಲೆಯೆತ್ತಿತು. ಸಾಲಕ್ಕೆ ಪರಸ್ಪರ ಹೊಣೆಯಾಗುವುದು, ಲೆಕ್ಕವನ್ನು ಸಭೆಯ ಮುಂದೆ ಓದುವುದು, ಒಪ್ಪದ ಮಾತನ್ನು ಎದುರಿಗೇ ಆಡಿ ಬಹುಮತಕ್ಕೆ ತಲೆಬಾಗುವುದು, ಇಂಥ ಸಾಧಾರಣವೆಂದು ತೋರುವ ಅಭ್ಯಾಸಗಳನ್ನು ಎರಡು ತಲೆಮಾರುಗಳ ಕಾಲ ರೂಢಿಸಿಕೊಂಡ ಜನರೇ ಮುಂದೆ ದೊಡ್ಡ ಸಾಹಸಕ್ಕೆ ಒದಗಿದರೆಂಬುದನ್ನು ಮರೆಯಲಾಗದು.

ಸ್ವಾತಂತ್ರ್ಯಾನಂತರದ ದಶಕಗಳು ಈ ಪ್ರದೇಶದ ಬದುಕನ್ನು ಬುಡಸಮೇತ ಅಲುಗಿಸಿದುವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಒಂದೇ ಬೆಳೆ ಬೆಳೆದು ಒಂದೇ ಮಂಗಳೂರು ಪೇಟೆಯನ್ನು ನಂಬಿದ್ದ ಒಕ್ಕಲುಗಳ ನಡುವೆ ರಾಜ್ಯದ ಗಡಿಯೊಂದು ಹಾದುಹೋಯಿತು. 1970ರಲ್ಲಿ ಕೇರಳದಲ್ಲಿಯೂ 1974ರಲ್ಲಿ ಕರ್ನಾಟಕದಲ್ಲಿಯೂ ಭೂಸುಧಾರಣೆಯು ಬಿಗಿಯಾಗಿ ಜಾರಿಗೆ ಬಂದು, ಗೇಣಿ ಪದ್ಧತಿಯು ಆಳವಾಗಿ ಬೇರೂರಿದ್ದ ಈ ಕರಾವಳಿಯಲ್ಲಿ ನಿನ್ನೆಯವರೆಗೆ ಧಣಿಗೆ ಗೇಣಿ ಅಳೆಯುತ್ತಿದ್ದವನು ತಾನೇ ಭೂಮಾಲಿಕನಾದನು. ಒಡೆತನವೇನೋ ಬಂದಿತು, ಆದರೆ ಪೇಟೆಯಲ್ಲಿ ಚೌಕಾಸಿಗೆ ನಿಲ್ಲುವ ಬಲವು ಹಕ್ಕುಪತ್ರದೊಡನೆ ಬರುವ ವಸ್ತುವಲ್ಲ. ಕೆಲವೇ ಮೂಟೆ ಅಡಿಕೆಯನ್ನು ಒಯ್ದು, ಮುಂಗಡ ಸಾಲ ಕೊಟ್ಟ ಮಂಡಿಯವನಿಗೇ ಅವನು ಹೇಳಿದ ಧಾರಣೆಗೆ ಅಳೆದುಕೊಟ್ಟು ಬರುವ ಸಣ್ಣ ಹಿಡುವಳಿದಾರನಿಗೆ, ದೂರದ ಗುಜರಾತಿನಲ್ಲೋ ಉತ್ತರ ಪ್ರದೇಶದಲ್ಲೋ ಅದೇ ಅಡಿಕೆಯ ಬೆಲೆಯೇನೆಂಬುದು ತಿಳಿಯುವ ಬಗೆಯೇ ಇರಲಿಲ್ಲ.

1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆಯು ತೀವ್ರವಾಗಿ ಕುಸಿದಾಗ ಈ ಅಸಹಾಯಕತೆಯು ಎಲ್ಲರ ಕಣ್ಣಿಗೂ ಗೋಚರವಾಯಿತು. ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ, ಕರ್ನಾಟಕ ಮತ್ತು ಕೇರಳ ಸರಕಾರಗಳ ಸಹಭಾಗಿತ್ವದೊಡನೆ, 1973ರ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದುದು ಈ ಸಂದರ್ಭದಲ್ಲಿ. ರಾಜ್ಯದ ಗಡಿಯು ಬೇರ್ಪಡಿಸಿದ್ದ ಬೆಳೆಗಾರರನ್ನು ಬೆಳೆಯ ಹೆಸರಿನಲ್ಲಿ ಮತ್ತೆ ಒಂದುಗೂಡಿಸಿದುದೇ ಅದರ ಮೊದಲ ಸೃಷ್ಟಿಕಾರ್ಯವೆಂದು ಹೇಳಬೇಕು. ನಾಡಿನ ಅಡಿಕೆಯನ್ನೆಲ್ಲ ತಾನೇ ಕೊಳ್ಳುವ ಹಟವನ್ನು ಸಂಸ್ಥೆಯು ತೊಡಲಿಲ್ಲ. ಬೆಳೆಯ ಒಂದು ಭಾಗವನ್ನು ಮಾತ್ರ ನ್ಯಾಯವಾದ ಧಾರಣೆಗೆ ಕೊಂಡು, ಒಣಗಿಸಿ ಸುಲಿದ ಉತ್ತಮ ಅಡಿಕೆಯಾದ ಚಾಲಿಯನ್ನು ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಕೆಳದರ್ಜೆಗಳಿಂದ ಬೇರ್ಪಡಿಸಿ ದರ್ಜೆಗೊಳಿಸಿ, ಉತ್ತರ ಭಾರತದ ಪಟ್ಟಣಗಳಲ್ಲಿ ತನ್ನದೇ ಮಾರಾಟದ ಕೇಂದ್ರಗಳನ್ನು ತೆರೆಯಿತು. ಸಹಕಾರಿಯಲ್ಲಿ ಇಂದಿನ ಧಾರಣೆ ಇಷ್ಟು ಎಂಬುದು ಬಹಿರಂಗವಾದೊಡನೆ, ಖಾಸಗಿ ಮಂಡಿಯಲ್ಲಿ ಮಾರುವವನಿಗೂ ಕೇಳುವುದಕ್ಕೊಂದು ಆಧಾರ ದೊರೆಯಿತು.

ಇಷ್ಟರಲ್ಲೇ ತೃಪ್ತಿ ಹೊಂದಿದ್ದರೆ ಅದು ಒಳ್ಳೆಯ ಮಾರಾಟ ಸಂಘವಾಗಿ ಉಳಿಯುತ್ತಿತ್ತು. ಆದರೆ ಅಡಿಕೆಯೊಂದನ್ನೇ ನಂಬಬಾರದೆಂಬ ವಿವೇಕದಿಂದ, ಖಾಸಗಿ ಕಂಪೆನಿಗಳ ಪ್ರೋತ್ಸಾಹವೂ ಸೇರಿ, ಬೆಳೆಗಾರರು ಅಡಿಕೆ ಮರಗಳ ನೆರಳಿನಲ್ಲಿ ಕೋಕೋ ಗಿಡಗಳನ್ನು ನೆಟ್ಟಿದ್ದರು. ಗಿಡಗಳು ಫಲಕ್ಕೆ ಬಂದ ಬಳಿಕ, 1980ರ ಹೊತ್ತಿಗೆ, ಜಾಗತಿಕ ಮಾರುಕಟ್ಟೆಯಲ್ಲಿ ಕೋಕೋ ಬೆಲೆಯು ಬಿದ್ದು, ಕೊಳ್ಳುವವರು ಹಿಂದೆ ಸರಿದರು. ಅಡಿಕೆಗಾಗಿ ಹುಟ್ಟಿದ ಸಂಸ್ಥೆಯ ಬಾಗಿಲಿಗೆ ಸದಸ್ಯರು ಬೇರೊಂದು ಬೆಳೆಯ ಸಂಕಟವನ್ನು ಹೊತ್ತು ತಂದರು.

ಆ ಸಂಕಟದ ಗುರುತ್ವವನ್ನು ಅರಿಯಲು ಎರಡು ಬೆಳೆಗಳ ಸ್ವಭಾವವನ್ನು ಹತ್ತಿರದಿಂದ ನೋಡಬೇಕು. ಹಣ್ಣಡಿಕೆಯನ್ನು ಅಂಗಳದಲ್ಲಿ ಸುಮಾರು 40 ದಿನ ಬಿಸಿಲಿಗೆ ಒಣಗಿಸಿ ಸುಲಿದಿಟ್ಟರೆ ಅದು ವರ್ಷಗಟ್ಟಲೆ ಕಾಯುತ್ತದೆ. ಹಳೆಯದಾದಷ್ಟೂ ಹೆಚ್ಚು ಬೆಲೆ ತರುವುದೂ ಉಂಟು. ಕೋಕೋ ಹಾಗಲ್ಲ. ಕಾಯನ್ನು ಕಲ್ಲಿಗೆ ಬಡಿದು ಒಡೆದರೆ, ಸಿಹಿಹುಳಿಯಾದ ಬಿಳಿಯ ಲೋಳೆಯಲ್ಲಿ ಹುದುಗಿದ ಬೀಜಗಳ ಗೊಂಚಲು ಕಾಣುತ್ತದೆ. ಆ ಲೋಳೆಯು ಕೂಡಲೇ ಹುಳಿಯಲಾರಂಭಿಸುವುದರಿಂದ ಹಸಿ ಬೀಜವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದನ್ನು ರಾಶಿಹಾಕಿ, ಆಗಾಗ ತಿರುವಿ, ಐದಾರು ದಿನ ಹದವಾಗಿ ಹುಳಿಯಿಸಿದಾಗ ರಾಶಿಯ ಒಡಲು 45 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿ ಕಾಯುತ್ತದೆ. ಆ ಕಾವಿನಲ್ಲಿ ಬೀಜದ ಮೊಳಕೆಯ ಜೀವ ಸತ್ತು, ಒಗರು ತಗ್ಗಿ, ಮುಂದೆ ಹುರಿದಾಗ ಚಾಕೊಲೇಟಿನ ಪರಿಮಳವಾಗಿ ಅರಳುವ ಗುಣವು ಒಳಗೆ ನೆಲೆಗೊಳ್ಳುತ್ತದೆ. ಚಿಕ್ಕ ರಾಶಿಗೆ ಕಾವು ನಿಲ್ಲದು. ಹತ್ತಾರು ಗಿಡಗಳ ಒಬ್ಬ ಬೆಳೆಗಾರನ ಬೀಜವು ಪರಿಮಳಗೊಳ್ಳಬೇಕಾದರೆ ನೆರೆಹೊರೆಯವರ ಬೀಜದೊಡನೆ ಕೂಡಲೇಬೇಕೆಂಬುದು ಇಲ್ಲಿ ನೀತಿಬೋಧೆಯಲ್ಲ, ರಸಾಯನಶಾಸ್ತ್ರದ ನಿಯಮ.

ಸಂಸ್ಥೆಯು ಕೋಕೋವನ್ನು ಸ್ವೀಕರಿಸಿದಾಗ ತನ್ನ ದಿನಚರಿಯನ್ನೇ ಬದಲಿಸಿಕೊಳ್ಳಬೇಕಾಯಿತು. ಕಾಯಬಲ್ಲ ಸರಕಿಗೆಂದು ಏರ್ಪಟ್ಟ ವ್ಯವಸ್ಥೆಯಲ್ಲಿ ಕಾಯಲಾರದ ಸರಕಿಗೆ ಸ್ಥಳ ಕಲ್ಪಿಸಿ, ಹಸಿ ಬೀಜವನ್ನು ಹಳ್ಳಿಯ ಬಳಿಯಲ್ಲೇ ಕೊಂಡು, ಹುಳಿಯಿಸಿ ಒಣಗಿಸುವ ವಿದ್ಯೆಯನ್ನು ಕರಗತಮಾಡಿಕೊಂಡು, ಹೊರದೇಶಗಳಿಗೆ ರಫ್ತು ಮಾಡಿತು. ಬರಿಯ ಬೀಜ ಮಾರುವವನು ಪರರ ಬೆಲೆಗೆ ಎಂದೆಂದೂ ಅಧೀನನೆಂಬುದನ್ನು ಅನುಭವದಿಂದ ತಿಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ಸ್ಥಾಪಿಸಿತು. ಬಹುರಾಷ್ಟ್ರೀಯ ಕಂಪೆನಿಗಳ ಕ್ಷೇತ್ರವೆಂದು ಎಣಿಸಲ್ಪಟ್ಟಿದ್ದ ಉದ್ಯಮವೊಂದನ್ನು, ತೋಟದಲ್ಲಿ ದುಡಿಯುವವರ ಸಂಘವು, ಶಿವರಾಯರು ಮೊದಲ ಸಹಕಾರಿ ಸಂಘವನ್ನು ಸ್ಥಾಪಿಸಿದ್ದ ಊರಿನಲ್ಲೇ ಪ್ರಾರಂಭಿಸಿತು.

ಇದರಿಂದ ಗ್ರಹಿಸತಕ್ಕ ತತ್ತ್ವವೇನು? ಸಂಸ್ಥೆಯ ಸೃಜನಶಕ್ತಿಯು ಮೇಧಾವಿಯೊಬ್ಬನ ಮಿಂಚಿನಂಥ ಕಲ್ಪನೆಯೆಂದು ಭಾವಿಸುವುದು ಸಾಮಾನ್ಯ. ನಾಯಕನು ಅವಶ್ಯವೇ ಸರಿ. ಆದರೆ ಸದಸ್ಯನ ಸಂಕಟವು ಆಡಳಿತ ಮಂಡಳಿಯ ಕಿವಿಯನ್ನು ತಡವಿಲ್ಲದೆ ಮುಟ್ಟುವ ದಾರಿಯೂ, ಹೊಸ ಪ್ರಯತ್ನದಲ್ಲಿ ನಷ್ಟವಾದರೆ ಅದನ್ನು ಎಲ್ಲರೂ ಹಂಚಿಕೊಳ್ಳುವೆವೆಂಬ ಭರವಸೆಯೂ ಇಲ್ಲದೆಡೆಯಲ್ಲಿ ನಾಯಕನ ಕಲ್ಪನೆಯು ಕಾಗದದ ಮೇಲೆಯೇ ಉಳಿಯುತ್ತದೆ. ಒಂಟಿಯಾಗಿ ಕೈಹಾಕಲು ಅಂಜುವ ಕೆಲಸಕ್ಕೆ ಮನುಷ್ಯನು ಹತ್ತು ಜನರ ಹೊಣೆಯಿದ್ದಾಗ ಧೈರ್ಯಗೊಳ್ಳುತ್ತಾನೆ. ಆದಕಾರಣ ಅರ್ಥಪೂರ್ಣವಾದ ಸಹಕಾರವೇ ಸೃಜನಶೀಲತೆಗೆ ಮೂಲಧನವೆಂದು ನಿಸ್ಸಂಶಯವಾಗಿ ಹೇಳಬಹುದು.

ಈ ಮೂಲಧನವು ಕರಗುವುದು ಎಲ್ಲಿ ಎಂಬುದನ್ನೂ ಹೇಳದೆ ಬಿಡುವುದು ಉಚಿತವಲ್ಲ. ಪೇಟೆ ಕುಸಿದಾಗ ಸಂಘವನ್ನು ನೆನೆದು, ಪೇಟೆ ಚೇತರಿಸಿದೊಡನೆ ಕಿಲೋಗ್ರಾಮಿಗೆ ಎರಡು ರೂಪಾಯಿ ಹೆಚ್ಚು ಕೊಡುವವನ ಬಾಗಿಲಿಗೆ ಸರಕನ್ನು ಒಯ್ಯುವ ಸದಸ್ಯನು ಸಂಘವನ್ನು ಬರಿಯ ಆಪತ್ಕಾಲದ ಛತ್ರವನ್ನಾಗಿ ಮಾಡುತ್ತಾನೆ. ವಾರ್ಷಿಕ ಮಹಾಸಭೆಗೆ ಬಾರದವನು ತನ್ನ ಒಡೆತನವನ್ನು ತಾನೇ ಬಿಟ್ಟುಕೊಡುತ್ತಾನೆ. ಓದುಗರೆ, ನೀವು ಹಾಲಿನ ಸಂಘದಲ್ಲೋ ಪತ್ತಿನ ಸಂಘದಲ್ಲೋ ಸದಸ್ಯರಾಗಿದ್ದರೆ, ಈ ವರ್ಷದ ಸಭೆಗೆ ತಪ್ಪದೆ ಹೋಗಿರಿ, ಲೆಕ್ಕವನ್ನು ಓದಿರಿ, ನಿಮ್ಮ ಊರಿನ ಹೊಸ ಕಷ್ಟವನ್ನು ಅಲ್ಲಿ ಎದ್ದುನಿಂತು ಹೇಳಿರಿ. ಸಂಸ್ಥೆಯ ಮುಂದಿನ ಕಾರ್ಯವು ಅಂಥ ಮಾತಿನಿಂದಲೇ ಆರಂಭವಾಗತಕ್ಕದ್ದು.