ವೆನಿಸ್ಸಿನ ಹೂಳು ಎಲ್ಲಿಗೆ ಹೋಗುತ್ತದೆ?

2023ರ ಫೆಬ್ರುವರಿಯಲ್ಲಿ ವೆನಿಸ್ ನಗರದ ಕಿರುಗಾಲುವೆಗಳು ಬತ್ತಿ, ಗೊಂಡೊಲಾಗಳು ಕೆಸರಿನಲ್ಲಿ ಕೂತ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಇಟಲಿಯ ಬರವೇ ಕಾರಣವೆಂದು ಹಲವರು ಬರೆದರು. ಬರ ಇದ್ದದ್ದು ನಿಜ. ಆದರೆ ಈ ಕಾಲುವೆಗಳಲ್ಲಿ ಹರಿದಾಡುವುದು ಸಮುದ್ರದ ನೀರು. ವಾಯುಭಾರ ಹೆಚ್ಚಿ, ಇಳಿತವೂ ಜೋರಾಗಿದ್ದರಿಂದ ಅದು ತಗ್ಗಿತ್ತು. ಅಂಥ ಹೊತ್ತಿನಲ್ಲಿ ಯಾವ ಕಾಲುವೆಯಲ್ಲಿ ದೋಣಿ ಸಾಗುತ್ತದೆ, ಯಾವುದರಲ್ಲಿ ಸಾಗದು ಎಂಬುದು ತಳದ ಹೂಳನ್ನು ಅವಲಂಬಿಸಿದೆ. ಅಲ್ಲಿ ಆಂಬುಲೆನ್ಸ್, ಅಗ್ನಿಶಾಮಕ, ಕಸದ ಗಾಡಿ ಎಲ್ಲವೂ ದೋಣಿಗಳೇ. ಹಾಗಾಗಿ ಹೂಳು ತುಂಬಿದರೆ ಊರೇ ನಿಲ್ಲುತ್ತದೆ.

ಈ ಹೂಳಿಗೆ ಮೂಲಗಳು ಹಲವು. ಹಳೆಯ ನಗರದ ಬಹುಭಾಗಕ್ಕೆ ಆಧುನಿಕ ಒಳಚರಂಡಿಯೇ ಇಲ್ಲ. ಮನೆಗಳ ಕೊಳಚೆ ಇಟ್ಟಿಗೆಯ ಹಳೇ ಮೋರಿಗಳಿಂದ, ಕೆಲವೆಡೆ ಸೆಪ್ಟಿಕ್ ಟ್ಯಾಂಕ್ ದಾಟಿ, ಕಾಲುವೆಗೆ ಇಳಿಯುತ್ತದೆ. ದಿನಕ್ಕೆರಡು ಸಲ ಬಂದುಹೋಗುವ ಉಬ್ಬರವೇ ಅದನ್ನು ತೊಳೆಯಬೇಕು. ಮೋಟಾರು ದೋಣಿಗಳ ಅಲೆ ಬಡಿದು ಗೋಡೆಗಳ ಗಾರೆ ಉದುರುತ್ತದೆ. ಹೂಳು ಏರಿದಂತೆ ಮೋರಿಗಳ ಬಾಯಿ ಕಟ್ಟಿಕೊಳ್ಳುತ್ತದೆ, ನೀರಿನ ಓಟ ಮಂದವಾಗುತ್ತದೆ. ಮಂದವಾದಷ್ಟೂ ಹೂಳು ಮತ್ತಷ್ಟು ಕೂರುತ್ತದೆ.

ಈ ಶತ್ರುವನ್ನು ವೆನಿಸ್ ಗಣರಾಜ್ಯ ಬಲು ಹಿಂದೆಯೇ ಗುರುತಿಸಿತ್ತು. ಹದಿನಾರನೇ ಶತಮಾನದ ಮೊದಲಲ್ಲೇ ನೀರಿನ ಉಸ್ತುವಾರಿಗೆಂದು ಪ್ರತ್ಯೇಕ ಅಧಿಕಾರಿಗಳನ್ನು ನೇಮಿಸಿತು. ಮಣ್ಣು ಹೊತ್ತು ತರುತ್ತಿದ್ದ ಬ್ರೆಂತಾ, ಪಿಯಾವೆ ನದಿಗಳ ದಿಕ್ಕನ್ನೇ ಬದಲಿಸಿತು. ಇಷ್ಟೆಲ್ಲ ಮಾಡಿದ ಊರಿನಲ್ಲಿ 1960ರ ದಶಕದಿಂದ ಸುಮಾರು ಮೂವತ್ತು ವರ್ಷ ಒಳಗಾಲುವೆಗಳ ಹೂಳೆತ್ತುವ ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು.

ಎತ್ತುವುದಕ್ಕಿಂತ, ಎತ್ತಿದ್ದನ್ನು ಎಲ್ಲಿ ಹಾಕುವುದೆಂಬುದೇ ದೊಡ್ಡ ತೊಡಕಾಗಿತ್ತು. ನಮ್ಮ ಕೆರೆಗಳ ಹೂಳನ್ನು ರೈತರು ಗಾಡಿ ಕಟ್ಟಿಕೊಂಡು ಬಂದು ಹೊಲಕ್ಕೆ ಹೊಡೆಯುತ್ತಾರೆ. ಕೊಳಚೆ, ಭಾರಲೋಹ ಬೆರೆತ ವೆನಿಸ್ಸಿನ ಉಪ್ಪು ಕೆಸರಿಗೆ ಆ ಭಾಗ್ಯವಿಲ್ಲ. 1993ರಲ್ಲಿ ಬಂದ ನಿಯಮಾವಳಿ ಕೆಸರನ್ನು ಪರೀಕ್ಷಿಸಿ ದರ್ಜೆವಾರು ವಿಂಗಡಿಸಿತು. ಶುದ್ಧವಾದದ್ದನ್ನು ಊರ ಸುತ್ತಲ ಹಿನ್ನೀರಿನಲ್ಲಿ ಕೊಚ್ಚಿಹೋದ ಜೌಗು ದಿಬ್ಬಗಳನ್ನು ಮತ್ತೆ ಕಟ್ಟಲು ಬಳಸಬಹುದಿತ್ತು; ಮಲಿನವಾದದ್ದು ಸುತ್ತ ತಡೆ ಕಟ್ಟಿದ ಜಾಗಕ್ಕೇ ಹೋಗಬೇಕಿತ್ತು. ತ್ರೆಸೆ ಎಂಬ ಕೃತಕ ದ್ವೀಪಕ್ಕೆ ಇಂಥ ಕೆಸರು ಸಾಕಷ್ಟು ಸೇರಿದೆ.

1997ರಲ್ಲಿ ನಗರಾಡಳಿತ ಇನ್ಸುಲಾ ಎಂಬ ಸಂಸ್ಥೆ ಹುಟ್ಟುಹಾಕಿದ ಮೇಲೆ ಕೆಲಸ ಚುರುಕಾಯಿತು. ಕಾಲುವೆಯ ಒಂದು ತುಂಡನ್ನು ಆರಿಸಿ, ಎರಡೂ ತುದಿಗೆ ಉಕ್ಕಿನ ತಗಡುಗಳನ್ನು ಒತ್ತೊತ್ತಾಗಿ ಬಡಿದು, ಪಂಪಿನಿಂದ ನೀರು ಹೊರಹಾಕುತ್ತಾರೆ. ಕಪ್ಪು ಕೆಸರನ್ನು ಬಾಚಿ ದೋಣಿಗೆ ತುಂಬಿದ ಮೇಲೆ ಅಸಲಿ ಕೆಲಸ ಶುರು. ನೀರಿನಡಿ ಅಡಗಿದ್ದ ಗೋಡೆ ಈಗ ಕಣ್ಣೆದುರು. ಸವೆದ ಇಟ್ಟಿಗೆ ತೆಗೆದು ಹೊಸದು ಕೂರಿಸುತ್ತಾರೆ, ಸಂದುಗಳಿಗೆ ಗಾರೆ ತುಂಬುತ್ತಾರೆ, ಸೇತುವೆಯ ಬುಡ ಸರಿಪಡಿಸುತ್ತಾರೆ. ಪಕ್ಕದ ಕಲ್ಲುಹಾಸನ್ನೂ ಎತ್ತಿ ಕೊಳವೆ, ತಂತಿಗಳನ್ನು ಬದಲಿಸುತ್ತಾರೆ. ಸಾಧ್ಯವಿದ್ದಲ್ಲಿ ಹಾದಿಯನ್ನೇ ತುಸು ಎತ್ತರಿಸುತ್ತಾರೆ. ಬಾರ್ಜಿನ ಮೇಲಿಂದ ಯಂತ್ರದ ಬಾಯಿ ಇಳಿಸಿ ನೀರಿದ್ದಂತೆಯೇ ಹೂಳೆತ್ತಿದರೆ ಕೆಲಸ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಗೋಡೆಯ ಗಾಯ ಕಾಣುವುದಿಲ್ಲ. ಎಲ್ಲಿಯೇ ಆದರೂ ಅತಿಯಾಗಿ ಕೆದಕುವಂತಿಲ್ಲ. ಅಕ್ಕಪಕ್ಕದ ಮನೆಗಳ ಅಡಿಪಾಯಕ್ಕೆ ಆ ತಳವೂ ಒಂದು ಆಸರೆ.

2020ರ ಅಕ್ಟೋಬರ್ 3ರಂದು, ಸಮುದ್ರದ ಉಬ್ಬರದಿಂದ ಊರನ್ನು ಕಾಯಲು ಕಟ್ಟಿದ ಮೋಸೆ ಯೋಜನೆಯ 78 ಗೇಟುಗಳು ಮೊದಲ ಬಾರಿಗೆ ಪ್ರವಾಹ ತಡೆದು ಸುದ್ದಿಯಾದವು. ಉಬ್ಬರವನ್ನು ಅವು ಹೊರಗೆ ನಿಲ್ಲಿಸುತ್ತವೆ; ಮುಚ್ಚಿದಷ್ಟು ಹೊತ್ತು ಹಿನ್ನೀರನ್ನು ತೊಳೆಯುವ ಹರಿವೂ ನಿಲ್ಲುತ್ತದೆ. ಹೂಳಿಗೆ ಗೇಟು ಹಾಕಲಾಗದು. ಒಂದು ಕಾಲುವೆ ಮುಗಿಸಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದರಲ್ಲಿ ಕೆಸರು ಕೂರತೊಡಗಿರುತ್ತದೆ. ಉದ್ಘಾಟನೆಯ ಭಾಗ್ಯವಿಲ್ಲದ ಈ ಕೆಲಸಕ್ಕೆ ಬೇಕಾದದ್ದು ವರ್ಷ ತಪ್ಪದೆ ಬರುವ ಹಣ. ಮೂವತ್ತು ವರ್ಷ ಕೈಬಿಟ್ಟದ್ದರ ಸಾಲವನ್ನು ಆ ಊರು ಗೋಡೆ ಗೋಡೆಯಾಗಿ ತೀರಿಸಬೇಕಾಯಿತು.